ಘಟ್ಟ ಇಳಿದು ಬಂದರಿಗೆ: ಹಳೆಯ ಮಂಗಳೂರಿನಲ್ಲಿ ಒಂದು ಬೆಳಗಿನ ನಡಿಗೆ

ಬೆಳಗೋಡು, ಸಕಲೇಶಪುರ, ಆಲೂರು ಕಡೆಯ ನಾವು ಮಂಗಳೂರಿಗೆ ಹೋಗುವುದು ಹೆಚ್ಚಾಗಿ ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಇಲ್ಲವೇ ವಿಮಾನ ಹತ್ತಲು. ಕೆಲಸ ಮುಗಿದರೆ ಒಂದು ಮೀನೂಟ, ಒಂದು ಗಡ್‌ಬಡ್ ಐಸ್‌ಕ್ರೀಮು, ಹೊತ್ತಿದ್ದರೆ ಪಣಂಬೂರಿನ ಕಡಲು; ಆಮೇಲೆ ಕತ್ತಲಾಗುವ ಮೊದಲು ಶಿರಾಡಿ ಹತ್ತುವ ಅವಸರ. ಹೀಗೆ ಹೋಗಿ ಬರುವವರಿಗೆ ಆ ಊರು ಕಾಣುವುದೇ ಇಲ್ಲ. ನಮ್ಮ ತೋಟಗಳ ಕಾಫಿ, ಮೆಣಸು, ಏಲಕ್ಕಿ ತಲೆಮಾರುಗಟ್ಟಲೆ ಇಳಿದುಹೋದದ್ದು ಆ ಬಂದರಿಗೆ. ನಮ್ಮ ಅಜ್ಜಂದಿರ ಮನೆಗೆ ಹೆಂಚು ಬಂದದ್ದೂ ಅದೇ ದಾರಿಯಲ್ಲಿ. ಆದ್ದರಿಂದ ಒಂದು ಬೆಳಗನ್ನು ಹಳೆಯ ಮಂಗಳೂರಿಗೆಂದೇ ಎತ್ತಿಡಿ. ನಡೆದೇ ನೋಡಿ, ಆ ಓಣಿಗಳಲ್ಲಿ ಕಾರು ಒಯ್ದರೆ ನೀವು ನೋಡುವುದು ಮುಂದಿನ ಲಾರಿಯ ಹಿಂಭಾಗವನ್ನು ಮಾತ್ರ.

ಸಕಲೇಶಪುರದಿಂದ ಮಂಗಳೂರು ಸುಮಾರು 130 ಕಿ.ಮೀ. ಬಸ್ಸು ಬೇಕಾದಷ್ಟಿವೆ. ಆದರೂ ಸಾಧ್ಯವಾದರೆ ಹಗಲು ರೈಲಿನಲ್ಲಿ ಹೋಗಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಎಡಕುಮರಿ, ಶಿರಿಬಾಗಿಲು ಬರುವ ಹೊತ್ತಿಗೆ ಕಿಟಕಿಯ ಪಕ್ಕ ಕೂತಿರಬೇಕು. ರೈಲು ಸಂಜೆಯ ಹೊತ್ತಿಗೆ ಮಂಗಳೂರು ಜಂಕ್ಷನ್ ಮುಟ್ಟುತ್ತದೆ. ಜಂಕ್ಷನ್ ಊರ ಹೊರಗಿದೆ. ಅಲ್ಲಿಂದ ಹಂಪನಕಟ್ಟೆಗೆ ಬಂದು ರಾತ್ರಿ ತಂಗಿ. ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಬಂದವರು ಬಿಜೈಯಲ್ಲಿ ಇಳಿದು ‘ಸ್ಟೇಟ್ ಬ್ಯಾಂಕ್’ ಬೋರ್ಡಿನ ಸಿಟಿ ಬಸ್ಸು ಹತ್ತಿದರಾಯಿತು. ನಡಿಗೆ ಶುರುವಾಗುವುದು ಆ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದಲೇ.

ಬೆಳಕು ಹರಿಯುವಾಗಲೇ ದಕ್ಕೆಗೆ ಹೋಗಿ. ಮೀನುಗಾರಿಕೆ ದೋಣಿಗಳು ಬಂದು ನಿಲ್ಲುವ ಜಾಗ ಅದು. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ, ಹರಾಜಿನ ಕೂಗು, ಮಂಜುಗಡ್ಡೆಯ ನೀರು ಹರಿಯುವ ನೆಲ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ಹೊರೆ ಹೊತ್ತವರಿಗೆ ದಾರಿ ಬಿಡಿ. ಎದುರಿಗೆ ಕಾಣುವುದು ಕಡಲಲ್ಲ, ಗುರುಪುರ ನದಿ. ಅದೂ ನೇತ್ರಾವತಿಯೂ ಕೂಡಿ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಳಿವೆಯಲ್ಲಿ ಮರಳು ಕಟ್ಟಿಕೊಳ್ಳುವುದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಹೋಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂದ ಮೇಲೆ ದೊಡ್ಡ ವ್ಯಾಪಾರ ಅತ್ತ ಹೋಯಿತು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಹಡಗುಗಳು ಮಾತ್ರ ಇಂದಿಗೂ ಹಳೆಯ ಬಂದರಿನವು.

ದಕ್ಕೆಯ ಬೆನ್ನಿಗಿರುವುದೇ ‘ಬಂದರ್’ ಬಡಾವಣೆ. ಇಡೀ ನಡಿಗೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಹೆಂಚಿನ ಮಾಡಿನ ಗೋದಾಮುಗಳು, ಒಣಮೀನು, ಕೊಬ್ಬರಿ, ಅಡಿಕೆ, ಮೆಣಸಿನ ಮಂಡಿಗಳು, ಬ್ಯಾರಿ, ಕೊಂಕಣಿ, ತುಳು, ಕನ್ನಡ ನಾಲ್ಕೂ ಒಂದೇ ಜಗಲಿಯಲ್ಲಿ ನಡೆಯುವ ಲೆಕ್ಕಾಚಾರ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಈ ಊರಿನಲ್ಲಿ ಹದಿನೈದು ವರ್ಷಕ್ಕೂ ಮೇಲೆ ಬಾಳಿದ. ಮೆಡಿಟರೇನಿಯನ್ ದಂಡೆಯ, ಇಂದಿನ ಟುನೀಶಿಯದ ಮಹ್ದಿಯಾದವನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟುಕೊಂಡು, ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕಿವೆ. ಅವನ ಹೆಸರಿನ ಕಲ್ಲು, ಫಲಕ ಯಾವುದನ್ನೂ ಹುಡುಕಬೇಡಿ. ಮಂಡಿಯೊಂದರ ಮುಂದೆ ನಿಂತು ಅಡಿಕೆ ಚೀಲದ ತೂಕ ನೋಡಿ, ಅಷ್ಟು ಸಾಕು.

ಇಲ್ಲೇ ಝೀನತ್ ಬಕ್ಷ್ ಜುಮ್ಮಾ ಮಸೀದಿ ಇದೆ. ಕ್ರಿ.ಶ. 644ರಲ್ಲಿ ಕಟ್ಟಿದ್ದೆಂದು ಪ್ರತೀತಿ. ಟಿಪ್ಪು ಸುಲ್ತಾನ್ ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನೆನ್ನುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ಮಲೆನಾಡಿನ ತೊಟ್ಟಿಮನೆ ನೋಡಿದ ಕಣ್ಣಿಗೆ ಪರಿಚಿತವೆನಿಸುತ್ತದೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಅಲ್ಲಿದ್ದವರನ್ನು ಕೇಳಿಯೇ ಒಳಗೆ ಕಾಲಿಡಿ. ಪೋರ್ಚುಗೀಸರ ಕಾಲದ, 1568ರಲ್ಲಿ ಸ್ಥಾಪನೆಯಾದ ರೊಸಾರಿಯೊ ಚರ್ಚೂ ನಡೆಯುವಷ್ಟೇ ದೂರ. ಈಗಿನ ಗುಮ್ಮಟದ ಕಟ್ಟಡ ಮಾತ್ರ ಕಳೆದ ಶತಮಾನದ್ದು.

ಬಂದರಿನಿಂದ ರಥಬೀದಿಗೆ ಬಂದರೆ ವೆಂಕಟರಮಣ ದೇವಸ್ಥಾನ, ಮಲ್ಲಿಗೆ ಅಂಗಡಿಗಳ ಸಾಲು. ರಥಸಪ್ತಮಿಯ ಸುಮಾರಿಗೆ ನಡೆಯುವ ಕೊಡಿಯಾಲ ತೇರಿನ ದಿನಗಳಲ್ಲಿ ಇಲ್ಲಿ ನಡೆಯಲು ಜಾಗವಿರುವುದಿಲ್ಲ, ತೇರು ನೋಡಲೆಂದೇ ಹೋಗುವುದಾದರೆ ಸರಿ. ವ್ಯಾಪಾರದಿಂದ ಹುಟ್ಟಿದ ಹಣ ಈ ಊರಿನಲ್ಲಿ ಬ್ಯಾಂಕುಗಳಾಯಿತು: ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಕಟ್ಟಿದ ಕೆನರಾ ಬ್ಯಾಂಕ್, 1924ರ ಕರ್ನಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್, ಮೂರೂ ಹುಟ್ಟಿದ್ದು ಮಂಗಳೂರಿನಲ್ಲೇ. ಹಂಪನಕಟ್ಟೆಗೆ ಬಂದು ಬನ್ಸ್, ಗೋಳಿಬಜೆ ತಿಂದು ಸುಧಾರಿಸಿಕೊಳ್ಳಿ, ಮುಂದೆ ಏರಿದೆ.

ಬಾವುಟಗುಡ್ಡೆ ಹತ್ತುವುದು ಕಷ್ಟವಲ್ಲ, ನಮ್ಮ ತೋಟದ ಏರುಗಳ ಮುಂದೆ ಏನೂ ಅಲ್ಲ, ಸೆಕೆಯೇ ಕಷ್ಟ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ರೈತ ದಂಗೆಕೋರರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿ, 13 ದಿನ ಊರನ್ನು ಆಳಿದ್ದು ಇಲ್ಲಿಂದ. ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿದೆ. ಪಕ್ಕದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಒಂದೇ ಒಂದು ಜಾಗ ನೋಡಲು ಹೊತ್ತಿದ್ದರೆ ಇದನ್ನೇ ನೋಡಿ. ಇಟಲಿಯ ಬೆರ್ಗಾಮೊ ಸೀಮೆಯ ಆಂಟೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಸಹೋದರರು 1899ರ ಹೊತ್ತಿಗೆ ಕುಂಚ ಹಿಡಿದು, ಸುಮಾರು ಎರಡೂವರೆ ವರ್ಷದಲ್ಲಿ ಗೋಡೆ, ಚಾವಣಿಯನ್ನೆಲ್ಲ ಚಿತ್ರವಾಗಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ: ಹಸಿ ಗಾರೆ ಒಣಗುವ ಮೊದಲೇ ಬಣ್ಣ ಇಳಿಸಬೇಕು, ತಪ್ಪಿದರೆ ಕೆರೆದು ಹೊಸದಾಗಿ ಗಾರೆ ಬಳಿಯಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಆ ಕೆಲಸ ಹೇಗೆ ನಡೆಯಿತೆಂದು ಯೋಚಿಸುತ್ತಾ ಬೆಂಚಿನಲ್ಲಿ ಅರ್ಧ ಗಂಟೆಯಾದರೂ ಕೂರಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಮೊಸ್ಕೆನಿ ಮತ್ತೆ ಇಟಲಿಗೆ ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಶಕ್ತಿಯಿದ್ದರೆ ಬಲ್ಮಠದವರೆಗೆ ನಡೆಯಿರಿ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ನೆಲೆ ಅದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಅವರಿಂದ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದವರೂ ಅವರೇ. ಊರಿಗೆ ಮರಳಿದ ಮೇಲೆ ಹಳೆಯ ಮನೆಯಿಂದ ಇಳಿಸಿಟ್ಟ ಹೆಂಚಿನ ಹಿಂಬದಿಯ ಅಚ್ಚು ಓದಿ ನೋಡಿ.

ಸಂಜೆ ಆಟೋ ಮಾಡಿಕೊಂಡು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಬಹುದು. ಹಗೆಯ ಹಡಗು ನದಿಯೊಳಗೆ ಬರದಂತೆ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಅದು. ಇದೇ ಬಂದರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ದಾರಿ ಕಾಯಲು ಅವನು ಕಟ್ಟಿಸಿದ್ದು ನಮ್ಮ ಮಂಜರಾಬಾದ್ ಕೋಟೆ. ಎರಡನ್ನೂ ನೋಡಿದರೇ ಆ ದಾರಿಯ ಬೆಲೆ ತಿಳಿಯುವುದು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರಾವಳಿಯ ಗೋದಾಮುಗಳಲ್ಲಿ ಕಾಫಿ ಬೀಜ ಹರವಿ, ಕಡಲಗಾಳಿ ಕುಡಿಸಿ, ಉಬ್ಬಿ ಬಿಳಿಚುವಂತೆ ಮಾಡುತ್ತಾರೆ; ‘ಮಾನ್ಸೂನ್ಡ್ ಮಲಬಾರ್’ ಎಂದರೆ ಅದೇ. ಪರಿಚಯದ ಕ್ಯೂರಿಂಗ್ ಕೆಲಸದವರಿದ್ದರೆ ಮೊದಲೇ ಮಾತಾಡಿ, ಒಳಗೆ ಹೋಗಿ ನೋಡಿ ಬನ್ನಿ.

ನವೆಂಬರಿನಿಂದ ಫೆಬ್ರವರಿ ನಡಿಗೆಗೆ ಒಳ್ಳೆಯ ಕಾಲ. ಏಳಕ್ಕೆ ಮುಂಚೆ ಹೊರಟು ಹನ್ನೊಂದರೊಳಗೆ ನೆರಳು ಸೇರಿ, ಎಲ್ಲ ಸೇರಿ ಐದಾರು ಕಿ.ಮೀ. ಆದೀತು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದಕ್ಕೆ ಬರಿದಾಗಿರುತ್ತದೆ. ಮಳೆಗಾಲದಲ್ಲಿ ಹೊರಡಲೇಬೇಕಿದ್ದರೆ ಶಿರಾಡಿಯಲ್ಲಿ ಗುಡ್ಡ ಕುಸಿದಿಲ್ಲವೆಂದು ಖಚಿತ ಮಾಡಿಕೊಂಡೇ ಮನೆ ಬಿಡಿ.