ತಿರುಗಾಟದ ಹಿಮ್ಮೇಳ ಮತ್ತು ಪ್ರತಿಧ್ವನಿ: ಒಂಬತ್ತನೆಯ ತರಗತಿಗೆ ಒಂದು ಪಾಠ

‘ಶಬ್ದ’ ಘಟಕದಲ್ಲಿ ಪ್ರತಿಧ್ವನಿಗೆ 17.2 ಮೀಟರ್ ದೂರ ಬೇಕೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪ್ರತಿಧ್ವನಿಯನ್ನು ಗಮನವಿಟ್ಟು ಕೇಳಿದವರು ಕಡಿಮೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟದಿಂದ ಈ ಪಾಠವನ್ನು ಆರಂಭಿಸಬಹುದು.

ಪೀಠಿಕೆ: ನವೆಂಬರಿನಿಂದ ಮೇವರೆಗೆ ಮೇಳದವರು ಊರಿಂದೂರಿಗೆ ಹೋಗುತ್ತಾರೆ. ಇವತ್ತು ಗದ್ದೆ, ನಾಳೆ ದೇವಸ್ಥಾನದ ಅಂಗಳ, ಮತ್ತೊಂದು ದಿನ ಸಭಾಭವನ. ಚೆಂಡೆ ಅದೇ, ಕೇಳುವ ರೀತಿ ಬೇರೆ. ಏಕೆ?

ವಿಷಯ ನಿರೂಪಣೆ: ಬಯಲಿನಲ್ಲಿ ಶಬ್ದವನ್ನು ಹಿಂದಿರುಗಿಸುವ ಗೋಡೆಯಿಲ್ಲ, ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುತ್ತವೆ. ರಾತ್ರಿ ನೆಲ ತಣಿದಾಗ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಶಬ್ದ ಕೆಳಕ್ಕೆ ಬಾಗಿ ದೂರದ ಮನೆಗಳನ್ನೂ ಮುಟ್ಟುತ್ತದೆ. ಸಭಾಭವನದಲ್ಲಿ ಅನುರಣನದಿಂದ ವೇಗದ ಪೆಟ್ಟುಗಳು ಒಂದರೊಳಗೊಂದು ಕಲೆಯುತ್ತವೆ. ಜನ ತುಂಬಿದರೆ ಮೈ, ಬಟ್ಟೆಗಳು ಶಬ್ದವನ್ನು ಹೀರಿ ಅದೇ ಭವನ ಬೇರೆಯಾಗಿ ಕೇಳುತ್ತದೆ. ತೇವವಾದ ಗಾಳಿಗೆ ಮದ್ದಲೆಯ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹೀಗೆ ವಾದಕನಿಗೆ ಊರು ಕಣ್ಣಿಗಷ್ಟೇ ಅಲ್ಲ, ಕಿವಿಗೂ ಕೈಗೂ ಪರಿಚಯವಾಗುತ್ತದೆ.

ಚಟುವಟಿಕೆ: ಶಾಲೆಯ ದೊಡ್ಡ ಗೋಡೆಯಿಂದ 50 ಮೀಟರ್ ದೂರ ನಿಲ್ಲಿಸಿ. ಒಬ್ಬ ವಿದ್ಯಾರ್ಥಿ ಎರಡು ಮರದ ತುಂಡುಗಳನ್ನು ತಾಳಕ್ಕೆ ತಟ್ಟಲಿ. ಪ್ರತಿಧ್ವನಿ ಎರಡು ಪೆಟ್ಟುಗಳ ಸರಿಮಧ್ಯೆ ಬೀಳುವಂತೆ ಲಯ ಹೊಂದಿಸಲಿ. ಮೊದಲ ಪೆಟ್ಟನ್ನು ಸೊನ್ನೆ ಎಂದೆಣಿಸಿ 20ರವರೆಗಿನ ಕಾಲ ಅಳೆಯಿರಿ. ಅಷ್ಟರಲ್ಲಿ ಶಬ್ದ 4,000 ಮೀಟರ್ ಸಾಗುವಷ್ಟು ಸಮಯ ಕಳೆದಿರುತ್ತದೆ. ಸುಮಾರು 11.6 ಸೆಕೆಂಡು ಬಂದರೆ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಉತ್ತರ ಸ್ವಲ್ಪ ಹೆಚ್ಚುಕಡಿಮೆಯಾದರೆ ತಿದ್ದಬೇಡಿ. ಕಾರಣವನ್ನು ಮಕ್ಕಳೇ ಹುಡುಕಲಿ. ಬಳಿಕ ಗೋಡೆಯತ್ತ ನಡೆಯುತ್ತಾ ಒಂದೊಂದೇ ಪೆಟ್ಟು ಹಾಕಿ, ಪ್ರತಿಧ್ವನಿ ಎಲ್ಲಿ ಬೇರೆಯಾಗಿ ಕೇಳದಾಗುತ್ತದೆಂದು ಗುರುತಿಸಲಿ.

ಮೌಲ್ಯಮಾಪನ: ಕಣ್ಣು ಮುಚ್ಚಿದ ವಿದ್ಯಾರ್ಥಿಯು ಒಂದು ಚಪ್ಪಾಳೆಯಿಂದ ತರಗತಿ, ಜಗಲಿ, ಮೈದಾನಗಳನ್ನು ಗುರುತಿಸಿ ಕಾರಣ ಹೇಳಲಿ.

ಪ್ರಶಿಕ್ಷಣಾರ್ಥಿಗಳಿಗೆ: ಬೋಧನಾಭ್ಯಾಸವೂ ಒಂದು ತಿರುಗಾಟವೇ. ತಗಡಿನ ಮಾಡು, ಬರಿಗೋಡೆಯ ಕೋಣೆಯಲ್ಲಿ ಜೋರಾಗಿ, ಬೇಗಬೇಗ ಮಾತನಾಡಿದರೆ ಮಾತಿನ ಮೇಲೆ ಮಾತು ಬೀಳುತ್ತದೆ. ಕೊನೆಯ ಬೆಂಚಿನ ಮಗುವಿಗೆ ಕೇಳುವುದು ಗದ್ದಲ ಮಾತ್ರ. ನಾವು ಅದನ್ನು ‘ಗಮನವಿಲ್ಲದ ಮಗು’ ಎಂದು ಬರೆದುಕೊಳ್ಳುತ್ತೇವೆ. ಹೊಸ ಶಾಲೆಯಲ್ಲಿ ಮೊದಲ ಪಾಠಕ್ಕೆ ಮುನ್ನ ಆ ಬೆಂಚಿನಲ್ಲಿ ಕುಳಿತು ಸಹಪಾಠಿಯ ದನಿ ಕೇಳಿ. ನಿಮ್ಮ ಮಾತಿನ ಲಯವನ್ನು ಅಲ್ಲಿಂದ ನಿರ್ಧರಿಸಿ.