ಶುಕ್ರವಾರದ ಕ್ರಿಕೆಟ್: ಪೆಟ್ಟು ತಪ್ಪಿಸುವುದು ಹೇಗೆ, ಬಿದ್ದರೆ ಮಾಡುವುದೇನು?



ಮಕ್ಕಾದಲ್ಲಿ ನಮ್ಮ ಹುಡುಗರಿಗೂ ಅವರ ಅಪ್ಪಂದಿರಿಗೂ ಶುಕ್ರವಾರ ಬಂತೆಂದರೆ ಕ್ರಿಕೆಟ್. ವಾರವಿಡೀ ಕುರ್ಚಿಯಲ್ಲೋ ವಾಹನದಲ್ಲೋ ಕುಳಿತ ಮೈಯನ್ನು ಅಸರ್ ನಮಾಜಿನ ನಂತರ ಏಕಾಏಕಿ ಓಡಿಸುತ್ತೇವೆ. ಅನೇಕ ಪೆಟ್ಟುಗಳ ಮೂಲ ಇಲ್ಲೇ ಇದೆ.

"ಕುಂಬ್ಳೆ ದವಡೆ ಮುರಿದರೂ ಆಡಲಿಲ್ಲವೇ?" ಎಂದು ಕೇಳುವವರಿದ್ದಾರೆ. ನಿಜ, 2002ರಲ್ಲಿ ಆಂಟಿಗಾ ಟೆಸ್ಟಿನಲ್ಲಿ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಪಡೆದರು. ಆದರೆ ಆ ಮೇಲೆ ಅವರು ಸರಣಿ ಬಿಟ್ಟು ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದ್ದನ್ನು ನಾವು ಮರೆಯುತ್ತೇವೆ. ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ತಿಂಗಳುಗಟ್ಟಲೆ ಬಿಡುವು ಪಡೆದು, 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ಸಮಯಕ್ಕೆ ನಿಲ್ಲಿಸುವುದೂ ಆಟದ ಭಾಗವೇ.

ಆಟಕ್ಕೆ ಮುನ್ನ:

1. ಹತ್ತು ನಿಮಿಷ ನಿಧಾನ ಓಟ, ನಂತರ ತೊಡೆ, ಸೊಂಟ, ಭುಜಗಳ ವ್ಯಾಯಾಮ. ಮೊದಲ ಚೆಂಡುಗಳನ್ನು ಮೆಲ್ಲಗೆ ಎಸೆಯಿರಿ.
2. ಮೈದಾನದ ಜಲ್ಲಿ, ಗಾಜಿನ ಚೂರು ಆರಿಸಿ ತೆಗೆಯಿರಿ. ಚಪ್ಪಲಿಯಲ್ಲಿ ಆಡಬೇಡಿ.
3. ಗಟ್ಟಿ ಚೆಂಡಾದರೆ ಹೆಲ್ಮೆಟ್, ಪ್ಯಾಡ್, ಗ್ಲೌಸ್, ಗಾರ್ಡ್ ಕಡ್ಡಾಯ.
4. ಬೆಳೆಯುವ ಮಕ್ಕಳಿಂದ ಸತತ ವೇಗದ ಬೌಲಿಂಗ್ ಮಾಡಿಸಬೇಡಿ. ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬೀಳಬಹುದು.
5. ಈ ದೇಶದಲ್ಲಿ ಬೇಸಿಗೆಯ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದಕ್ಕೇ ನಿಷೇಧವಿದೆ. ಆಟವನ್ನೂ ಸಂಜೆಗಿಡಿ, ಆಗಾಗ ನೀರು ಕುಡಿಯಿರಿ.

ಪಾದ ಉಳುಕಿದರೆ ಅಥವಾ ತೊಡೆಯ ಸ್ನಾಯು ಸೆಳೆದರೆ:

ತಕ್ಷಣ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಡಿ. ಎರಡು-ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಊರಿನ ಅಭ್ಯಾಸದಂತೆ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಮೊದಲ ಎರಡು-ಮೂರು ದಿನ ಬೇಡ, ಊತ ಹೆಚ್ಚುತ್ತದೆ. ಬೆರಳು ಸೊಟ್ಟಗಾದರೆ ಎಳೆದು ನೆಟ್ಟಗೆ ಮಾಡಬೇಡಿ, ಎಕ್ಸ್-ರೇ ಮಾಡಿಸಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಆಸ್ಪತ್ರೆಗೆ ಹೋಗಿ.

ತಲೆಗೆ ಪೆಟ್ಟು ಬಿದ್ದವರು "ಏನೂ ಆಗಿಲ್ಲ" ಎಂದರೂ ಅಂದು ಮತ್ತೆ ಆಡಬಾರದು, ವೈದ್ಯರಿಗೆ ತೋರಿಸಬೇಕು. ವಾಂತಿ, ಮಂಪರು, ತೊದಲು ಮಾತು ಕಂಡರೆ, ಅಥವಾ ಬಿಸಿಲಿಗೆ ಮೈ ಸುಡುತ್ತಾ ಮಾತು ತಪ್ಪಿದರೆ ರೆಡ್ ಕ್ರೆಸೆಂಟ್ ಆಂಬುಲೆನ್ಸಿಗೆ 997 ಕರೆ ಮಾಡಿ. ಬಿಸಿಲಿನ ಹೊಡೆತವಾದರೆ ಆಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ.

ನೋವಿಲ್ಲದೆ ನಡೆದು, ಓಡಿ, ತಿರುಗಲು ಬಂದ ಮೇಲೆಯೇ ಮತ್ತೆ ಮೈದಾನಕ್ಕಿಳಿಯಿರಿ. ಒಂದು ಶುಕ್ರವಾರ ತಪ್ಪಿದರೆ ಮುಂದಿನ ಶುಕ್ರವಾರವಿದೆ. ಮನೆಯವರು ಊರಲ್ಲಿ ನಮ್ಮ ದಾರಿ ಕಾಯುತ್ತಿದ್ದಾರೆ, ಮೈ ಜೋಪಾನ.