ಹೊಸ ಯಂತ್ರ ಲೊಡಗುಟ್ಟಿದರೆ

ತಿಪಟೂರಿನ ಕಡೆ ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಕೊಬ್ಬರಿಯಾಯಿತೆಂದು ಖುಷಿ. ಈಗಷ್ಟೇ ಡಬ್ಬಿಯಿಂದ ತೆಗೆದ ಯುಪಿಎಸ್ಸೋ ಸ್ಪೀಕರೋ ಹಾಗೆಂದರೆ ಎದೆ ಝಲ್ಲೆನ್ನುತ್ತದೆ. ಸದ್ಯಕ್ಕೆ ಅದು ಮಾರಿದವರ ತಲೆನೋವು. ಅದನ್ನು ನಿಮ್ಮ ತಲೆಗೆ ಎಳೆದುಕೊಳ್ಳದಿದ್ದರೆ ಅರ್ಧ ಗೆದ್ದಂತೆ.

1. ಪ್ಲಗ್ ಹಾಕಬೇಡಿ. ಮಿಕ್ಕಿದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಒಳಗೆ ಉರುಳಾಡುವ ಸ್ಕ್ರೂ ಸರ್ಕ್ಯೂಟ್ ಬೋರ್ಡಿನ ಎರಡು ಬೆಸುಗೆಗಳ ನಡುವೆ ಕೂತರೆ ಶಾರ್ಟ್ ಆಗುತ್ತದೆ. ಆಮೇಲೆ ಅಂಗಡಿಯವರು 'ನಿಮ್ಮನೆ ವೋಲ್ಟೇಜ್ ಸರಿಯಿಲ್ಲ' ಅನ್ನುತ್ತಾರೆ. ಬ್ಯಾಟರಿಯದ್ದಾದರೆ ಆಫ್ ಮಾಡಿಡಿ, ಚಾರ್ಜಿಗೂ ಹಾಕಬೇಡಿ.

2. ಸಹಜವಾದ ಸದ್ದೇ ಎಂದು ನೋಡಿ. ಎಷ್ಟೋ ಫೋನುಗಳಲ್ಲಿ ಕೈನಡುಕ ಸರಿದೂಗಿಸಲು ಕ್ಯಾಮೆರಾ ಲೆನ್ಸ್ ಸಡಿಲವಾಗಿ ತೂಗುತ್ತಿರುತ್ತದೆ. ಅಲ್ಲಾಡಿಸಿದರೆ ಟಿಕ್‌ಟಿಕ್ ಅನ್ನುತ್ತದೆ, ಕ್ಯಾಮೆರಾ ಆನ್ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಿದ್ದರೆ ತಾನೇ ಆರುವ ಕೆಲವು ರೂಮ್ ಹೀಟರುಗಳಲ್ಲಿ ಅದಕ್ಕೆಂದೇ ಒಂದು ಗುಂಡು ಇರುತ್ತದೆ. ಇನ್ನು ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಮೊದಲ ದಿನವೇ ಕುಣಿದಾಡಿದರೆ, ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಬಿಚ್ಚಿಲ್ಲವೇನೋ ನೋಡಿ.

3. ಕುಲುಕಬೇಡಿ, ವಾಲಿಸಿ. ಸದ್ದು ಒಂದೇ ಜಾಗದಿಂದ ಬಂದರೆ ಯಾವುದೋ ಭಾಗ ಸಡಿಲವಾಗಿದೆ. ಮೂಲೆಯಿಂದ ಮೂಲೆಗೆ ಹರಿದರೆ ಕಳಚಿಯೇ ಬಿದ್ದಿದೆ. ಚಾರ್ಜರ್ ಲೊಡಗುಟ್ಟಿದರೆ ಈ ಪರೀಕ್ಷೆಯೂ ಬೇಡ, ವಾಪಸ್ ಕೊಡಿ.

4. ವಿಡಿಯೋ ಮಾಡಿ. ಬಿಲ್, ಸೀರಿಯಲ್ ನಂಬರ್, ಸದ್ದು ಮೂರೂ ಒಂದೇ ವಿಡಿಯೋದಲ್ಲಿರಲಿ. ಡಬ್ಬಿ, ಥರ್ಮಾಕೋಲ್ ಎಸೆಯಬೇಡಿ.

5. ಸ್ಕ್ರೂಡ್ರೈವರ್ ಒಳಗಿಡಿ. 'ಕೊಡಿಲ್ಲಿ, ಎರಡು ನಿಮಿಷ' ಎನ್ನುವ ಸೋದರಮಾವ ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕೂರಿಸಿ. ಸೀಲ್ ಹರಿದರೆ ವಾರಂಟಿಗೆ ತಕರಾರು ತೆಗೆಯುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಕೆಪಾಸಿಟರಿನದು. 230 ವೋಲ್ಟಿನ ಕರೆಂಟ್ ಪವರ್ ಸಪ್ಲೈಯೊಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ಅದರಲ್ಲಿ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮೈಕ್ರೋವೇವ್ ಒವನ್‌ನಲ್ಲಂತೂ ಅದು ಸಾವಿರಾರು ವೋಲ್ಟ್. ಮೇಲಾಗಿ, ಬಿದ್ದ ಸ್ಕ್ರೂ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಹಿಡಿದಿಟ್ಟಿದ್ದ ಭಾಗ ಈಗ ಒಳಗೆ ಜೋತಾಡುತ್ತಿದೆ.

6. ರಿಪೇರಿ ಒಪ್ಪಬೇಡಿ, ಬದಲಿ ಕೇಳಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ವಾಪಸಾತಿ ಗಡುವು ಬಲು ಚಿಕ್ಕದು. ಅಂದೇ ದೂರು ಹಾಕಿ. ಅಂಗಡಿಯಲ್ಲಿ 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡ್ ತೋರಿಸಿದರೆ ಹಿಂಜರಿಯಬೇಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

7. ಸರ್ವಿಸ್ ಸೆಂಟರಿಗೇ ಹೋಗಬೇಕಾದರೆ ಜಾಬ್ ಶೀಟ್ ಇಲ್ಲದೆ ಯಂತ್ರ ಬಿಡಬೇಡಿ. 'ಚೆಕ್ ಮಾಡಬೇಕು' ಎಂದು ಗೀಚಿದರೆ ಸಾಲದು. 'ಹೊಸ ಯಂತ್ರ, ಒಳಗೆ ಬಿಡಿಭಾಗ ಕಳಚಿದ ಸದ್ದು, ಇನ್ನೂ ಆನ್ ಮಾಡಿಲ್ಲ' ಎಂದೇ ಬರೆಸಿ. ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷ ಕಾಲಾವಕಾಶ.

8. ಬದಲಿ ಬಂದಾಗ ಡೆಲಿವರಿ ಹುಡುಗನ ಎದುರೇ ಡಬ್ಬಿ ಬಿಚ್ಚಿ, ವಾಲಿಸಿ ನೋಡಿ. ಒಟಿಪಿ ಆಮೇಲೆ ಹೇಳಿ.